‘ಹೊಂದಿಸಿ ಬರೆಯಿರಿ’ಯ ಆಚೆಗಿನ ಫಣಿಯಮ್ಮ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನಾದರೂ ಕೇಳಿ ನೋಡಿ. ‘ಫಣಿಯಮ್ಮ’ ಬರೆದವರು ಯಾರು? ಎಂ.ಕೆ. ಇಂದಿರಾ. ‘ಶರಪಂಜರ’? ತ್ರಿವೇಣಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ? ‘ಇಂದಿರಾಬಾಯಿ’, 1899, ಗುಲ್ವಾಡಿ ವೆಂಕಟರಾಯರು. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೃತಿ ಒಂದು ಕಡೆ, ಕರ್ತೃ ಇನ್ನೊಂದು ಕಡೆ, ನಡುವೆ ಒಂದು ಗೆರೆ ಎಳೆದರೆ ಒಂದು ಅಂಕ. ಆ ಗೆರೆಯ ಹಿಂದೆ ಯಾರ ಬದುಕಿದೆ ಎಂದು ಗೈಡುಗಳು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಅವಕ್ಕಿಲ್ಲ ಬಿಡಿ.

ನಾನು ಬಿ.ಇಡಿ ಮುಗಿಸಿ, ಶಿವಮೊಗ್ಗದ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿರುವವಳು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಗ್ರಂಥಾಲಯದ ‘ಫಣಿಯಮ್ಮ’ ಬ್ಯಾಗಿನಲ್ಲಿತ್ತು. ಕೊಪ್ಪ ಸೀಮೆಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಯಾವತ್ತೂ ಇರುವುದಿಲ್ಲ. ಅಜ್ಜಿಗೆ ಕಣ್ಣು ಮಂಜು. ‘ಅದೇನೇ ಅಷ್ಟು ಹೊತ್ತಿನಿಂದ ಓದ್ತಾ ಇದೀಯ, ಸ್ವಲ್ಪ ಜೋರಾಗಿ ಓದೇ’ ಎಂದರು. ಓದುತ್ತಾ ಹೋದೆ. ಬಾಲ್ಯದಲ್ಲೇ ಮದುವೆಯಾಗಿ, ಗಂಡನೆಂದರೆ ಏನೆಂದು ತಿಳಿಯುವ ಮುಂಚೆಯೇ ವಿಧವೆಯಾದ ಹುಡುಗಿ. ತಲೆ ಬೋಳಿಸಿ, ಮಡಿ ಉಡಿಸಿ, ಮನೆಯ ಕೆಲಸಕ್ಕೆ ಬಿಟ್ಟರು. ಆ ಹುಡುಗಿ 112 ವರ್ಷ ಬದುಕಿದಳು. ಇದು ಕಟ್ಟುಕಥೆಯಲ್ಲ, ಇಂದಿರಾ ತಮ್ಮ ತಾಯಿಯಿಂದ ಕೇಳಿದ, ಅವರ ಬಂಧುಬಳಗದಲ್ಲೇ ನಡೆದ ಬದುಕು.

ಅರ್ಧ ಪುಸ್ತಕ ಆಗಿರಬೇಕು, ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, ‘ನಮ್ಮನೇಲೂ ಒಬ್ರಿದ್ರು ಕಣೇ, ಬೋಡಮ್ಮ ಅಂತ. ನಮ್ಮತ್ತೆಯ ನಾದಿನಿ’ ಎಂದರು.

‘ಹೆಸರೇನಜ್ಜಿ?’

‘ಬೋಡಮ್ಮ ಅಂದ್ನಲ್ಲ.’

‘ಅದು ತಲೆ ಬೋಳಿಸಿದ್ದಕ್ಕೆ ಕರೆದಿದ್ದು. ನಿಜವಾದ ಹೆಸರು?’

ಅಜ್ಜಿಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆವು. ಅವರು ಪೆಟ್ಟಿಗೆಯಲ್ಲಿದ್ದ ಹಳೆಯ ಪಾಲುಪಟ್ಟಿ ತೆಗೆದು ನೋಡಿದರು. ಅದರಲ್ಲಿ ಅವರ ಉಲ್ಲೇಖ ಇತ್ತು. ‘ವಿತಂತು ಸೋದರತ್ತೆ’ಯ ಜೀವನಾಂಶಕ್ಕೆ ವರ್ಷಕ್ಕೆ ಇಷ್ಟು ಭತ್ತ, ಎರಡು ಸೀರೆ ಎಂದು ಬರೆದಿತ್ತು. ಭತ್ತದ ಲೆಕ್ಕ ಇತ್ತು, ಹೆಸರು ಇರಲಿಲ್ಲ. ನಲವತ್ತು ವರ್ಷ ಆ ಮನೆಯ ಹಪ್ಪಳ, ಉಪ್ಪಿನಕಾಯಿ, ಬಾಣಂತನ ಎಲ್ಲವನ್ನೂ ಮಾಡಿದವರು. ಅಜ್ಜಿಯ ಮೂರೂ ಹೆರಿಗೆ ನೋಡಿಕೊಂಡವರು ಅವರೇ.

ಆಮೇಲೆ ನಾನು ಕಾದಂಬರಿ ಓದುವ ರೀತಿಯೇ ಬದಲಾಯಿತು. ಸಾಹಿತ್ಯ ಸಮಾಜದ ಕನ್ನಡಿ ಎಂದು ಪ್ರಬಂಧ ಬರೆದು ಎಲ್ಲರೂ ಪಾಸಾಗಿದ್ದೇವೆ. ಆದರೆ ಕನ್ನಡಿಯಲ್ಲಿ ಎದುರು ನಿಂತವರು ಮಾತ್ರ ಕಾಣುತ್ತಾರೆ. ಒಳಕೋಣೆಯಲ್ಲಿ ಇದ್ದವರು ಕಾಣಬೇಕಾದರೆ ಯಾರಾದರೂ ಹೋಗಿ ಅವರ ಹೆಸರು ಹಿಡಿದು ಕರೆಯಬೇಕು. ಇಂದಿರಾ ಮಾಡಿದ್ದು ಆ ಕೆಲಸ. ಇಡೀ ಊರು ‘ಮಡಿ ಹೆಂಗಸು’ ಎನ್ನುತ್ತಿದ್ದ ಜೀವದ ಹೆಸರನ್ನೇ ತೆಗೆದುಕೊಂಡು 1976ರಲ್ಲಿ ಪುಸ್ತಕದ ಮುಖಪುಟಕ್ಕೆ ಹಾಕಿದರು.

ಒಂದು ಸಮಾಜ ಯಾರನ್ನು ಹೇಗೆ ನೋಡುತ್ತದೆ ಎಂಬುದನ್ನು ಅದರ ಪದಗಳೇ ಹೇಳಿಬಿಡುತ್ತವೆ. ‘ಸಕೇಶಿ’ ಎಂಬ ಪದ ಕೇಳಿದ್ದೀರಾ? ಗಂಡ ಸತ್ತ ಮೇಲೂ ತಲೆಗೂದಲು ಉಳಿಸಿಕೊಂಡ ಹೆಂಗಸು ಎಂದರ್ಥ. ತನ್ನ ಕೂದಲು ತನ್ನ ತಲೆಯ ಮೇಲೇ ಇರುವುದಕ್ಕೂ ಒಂದು ಪ್ರತ್ಯೇಕ ಪದ ಬೇಕಾಗಿತ್ತು! ಹೆಂಡತಿ ಸತ್ತ ಗಂಡಸಿಗೆ ‘ವಿಧುರ’ ಎಂಬ ಪದ ಇದೆ, ನಿಜ. ಅದು ನಿಘಂಟಿನಲ್ಲಿ ಗೌರವವಾಗಿ ಕುಳಿತಿದೆ, ಯಾರೂ ಅದನ್ನು ಬೈಗುಳ ಮಾಡಿಕೊಂಡಿಲ್ಲ. ನಾವು ಕ್ಯಾಂಟೀನಿನಲ್ಲಿ ಗೆಳೆಯರಿಗೆ ಪ್ರೀತಿಯಿಂದ ‘ಲೇ ಮುಂಡೇದೇ’ ಎನ್ನುತ್ತೇವಲ್ಲ, ಅದರ ಬೇರು ತಲೆ ಬೋಳಿಸಿದ ವಿಧವೆಯ ಹತ್ತಿರ ಹೋಗಿ ನಿಲ್ಲುತ್ತದೆ.

ಹೆಸರು ಕಳೆದುಕೊಳ್ಳುವುದು ವಿಧವೆಯರಿಗಷ್ಟೇ ಮೀಸಲಾಗಿರಲಿಲ್ಲ. 1951–52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಣ್ಣುಮಕ್ಕಳು ಸ್ವಂತ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಮೊದಲ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಎಂದು ಇರುತ್ತದೆ. ಈ 28 ಲಕ್ಷ ಇರುವುದಿಲ್ಲ.

‘ಫಣಿಯಮ್ಮ’ದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಕಷ್ಟವಲ್ಲ. ಕಷ್ಟವನ್ನು ಓದಿ ಕಣ್ಣೀರು ಹಾಕುವುದು ಸುಲಭ. ಫಣಿಯಮ್ಮ ಯಾವತ್ತೂ ದನಿ ಏರಿಸುವುದಿಲ್ಲ, ಮಡಿ ಬಿಡುವುದಿಲ್ಲ, ತನಗಾಗಿ ಏನನ್ನೂ ಕೇಳುವುದಿಲ್ಲ. ಅಂಥವಳು ‘ಮುಟ್ಟಬಾರದ’ ಜಾತಿಯವಳೆಂದು ದೂರವಿಟ್ಟ ಹೆಣ್ಣಿನ ಹೆರಿಗೆಗೆ ಹೋಗಿ ನೆರವಾಗುತ್ತಾಳೆ. ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಕೊಡುವುದಿಲ್ಲ ಎಂದು ಹಟ ಹಿಡಿದಾಗ ಅವಳ ಪರ ನಿಲ್ಲುತ್ತಾಳೆ. ತಾನು ಬದುಕಿಡೀ ಪಾಲಿಸಿದ ಕಟ್ಟಳೆಯನ್ನು ಇನ್ನೊಬ್ಬಳ ಮೇಲೆ ಹೇರಲು ಒಪ್ಪದ ಆ ಮುದುಕಿ ನನಗೆ ಭಾಷಣ ಮಾಡುವ ನಾಯಕಿಯರಿಗಿಂತ ದೊಡ್ಡವಳಾಗಿ ಕಾಣುತ್ತಾಳೆ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದಾರೆ, ಸಿಕ್ಕರೆ ನೋಡಿ. ಅಂದಹಾಗೆ, ವಯೋಮಿತಿ ಮೀರಿತು ಎಂದು ಕೊರಗುವ ನಮ್ಮಂಥವರಿಗೊಂದು ಮಾತು: ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ಅವರಿಗೆ 46 ವರ್ಷವಾದಾಗ.

ಸಾಹಿತ್ಯ ಯಾವಾಗಲೂ ಹೆಣ್ಣಿನ ಪರ ನಿಂತಿದೆ ಎಂದು ಹೇಳಿದರೆ ಅದು ಸುಳ್ಳು. ಕಟ್ಟಳೆಗೆ ಕಾವಲು ಕೂತದ್ದೂ ಸಾಹಿತ್ಯವೇ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಬರೆದ ‘ಹದಿಬದೆಯ ಧರ್ಮ’ ಪತಿವ್ರತೆ ಹೇಗಿರಬೇಕು ಎಂಬ ಪಾಠ. ಇಂದು ಓದಿದರೆ ಅನೇಕ ಕಡೆ ಮೈ ಉರಿಯುತ್ತದೆ. ಆದರೆ ಅದೇ ಪುಸ್ತಕದ ನಡುವೆ ಆಕೆ, ಹೆಣ್ಣೆಂದು ಹೀಗಳೆಯುವವರನ್ನು ಅವರ ಹೆತ್ತ ತಾಯಿಯನ್ನೇ ಮುಂದಿಟ್ಟು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಸಂಚಿಯ ಕೆಲಸದವಳಿಗೆ ಅರಮನೆಯಲ್ಲಿ ಸಿಕ್ಕ ಜಾಗ ಅಷ್ಟು. ಅಷ್ಟರಲ್ಲೇ ಹೇಳಬೇಕಾದ್ದನ್ನು ಹೇಳಿಬಿಟ್ಟಳು.

‘ಹುಚ್ಚಿ’ ಎಂಬ ಪದದ ಗತಿ ಗೊತ್ತಾಗಬೇಕಾದರೆ ‘ಶರಪಂಜರ’ ಓದಬೇಕು. ನಮ್ಮಲ್ಲಿ ಬಹಳ ಜನರಿಗೆ ಅದು ಪುಟ್ಟಣ್ಣ ಕಣಗಾಲರ ಸಿನಿಮಾ ಆಗಿ, ಕಲ್ಪನಾ ಅವರ ಅಭಿನಯವಾಗಿ ಗೊತ್ತು. ಬಾಣಂತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಗಿದೆ, ಹೆಸರು ಹೋಗಿಲ್ಲ. ಅವಳು ನಕ್ಕರೂ, ಸಿಟ್ಟಾದರೂ, ಸುಮ್ಮನಿದ್ದರೂ ಮನೆಯವರು, ನೆರೆಯವರು ಅನುಮಾನದಿಂದ ನೋಡುತ್ತಾರೆ. ಅವಳನ್ನು ಮತ್ತೆ ಕೆಡವುವುದು ಆ ನೋಟ ಮತ್ತು ಗಂಡನ ವಂಚನೆ. ಬಾಣಂತಿಯರ ಮಾನಸಿಕ ಕಾಯಿಲೆಯ ಬಗ್ಗೆ ಇಂದಿಗೂ ನಮ್ಮ ಮನೆಗಳಲ್ಲಿ ‘ಗಾಳಿ ಸೋಕಿದೆ’ ಎನ್ನುತ್ತಾರೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಇನ್ನೂ ಮೂವತ್ತೈದು ತುಂಬಿರಲಿಲ್ಲ.

ಹಣೆಪಟ್ಟಿ ಹಚ್ಚುವ ಕೆಲಸ ಈಗ ಎ.ಸಿ. ರೂಮಿನಲ್ಲಿ ನಡೆಯುತ್ತದೆ. ಹೋದ ವರ್ಷ ಒಂದು ಖಾಸಗಿ ಸಂಸ್ಥೆಯ ಸಂದರ್ಶನಕ್ಕೆ ಹೋಗಿದ್ದೆ. ವಿಷಯದ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಮೂರನೆಯದು, ‘ಮದುವೆ ಯಾವಾಗಮ್ಮ?’ ನಾಲ್ಕನೆಯದು, ‘ಆಮೇಲೆ ಕೆಲಸ ಬಿಡ್ತೀರಾ?’ ಅದೇ ದಿನ ಅದೇ ಕುರ್ಚಿಯಲ್ಲಿ ಕೂತಿದ್ದ, ನನ್ನ ಜೊತೆಗೇ ಬಿ.ಇಡಿ ಮಾಡಿದ ಹುಡುಗನಿಗೆ ಈ ಎರಡೂ ಪ್ರಶ್ನೆ ಬಂದಿರಲಿಲ್ಲ. ನನ್ನನ್ನು ಅವರು ಅಭ್ಯರ್ಥಿಯಾಗಿ ನೋಡಲೇ ಇಲ್ಲ. ಯಾರದೋ ಮುಂದಿನ ಹೆಂಡತಿಯಾಗಿ ನೋಡಿದರು. ಕೆಲಸ ಸಿಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಪಾಲುಪಟ್ಟಿಯ ‘ವಿತಂತು ಸೋದರತ್ತೆ’ ಇನ್ನೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವರು ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರೇನೋ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರೂ ನಮ್ಮ ನೋಟ್ಸಿಗೆ ಸೇರಿದ್ದಾರೆ. ‘ಹಾರ್ಟ್ ಲ್ಯಾಂಪ್’, 12 ಕಥೆಗಳು, ಅನುವಾದ ದೀಪಾ ಭಾಸ್ತಿ. ಇಷ್ಟು ಬರೆದುಕೊಂಡು ಮುಂದೆ ಹೋಗುವ ಬದಲು ‘ಕರಿನಾಗರಗಳು’ ಕಥೆಯನ್ನೊಮ್ಮೆ ಓದಿ. ಬರೀ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ನ್ಯಾಯ ಕೇಳುತ್ತಾ ಮಕ್ಕಳ ಸಮೇತ ಮಸೀದಿಯ ಬಳಿ ಬಂದು ಕೂರುತ್ತಾಳೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾದ ಮೂಲ ಇದು. ಈ ಕಥೆಯನ್ನು ‘ಅವರ ಸಮಾಜದ ಸಮಸ್ಯೆ’ ಎಂದು ಓದುವವರನ್ನು ನಾನು ನೋಡಿದ್ದೇನೆ. ನಮ್ಮೂರಲ್ಲಿ ಮೂರನೆಯದೂ ಹೆಣ್ಣಾದ ಮನೆಗೆ ಹೋಗಿ, ಅಲ್ಲಿ ಜನ ಆಡುವ ಮಾತು ಕೇಳಿಸಿಕೊಂಡು ಬರಲಿ.

ಇಲ್ಲಿಯವರೆಗೆ ಹೆಣ್ಣುಮಕ್ಕಳದ್ದೇ ಆಯಿತು. ಗಂಡಸರಿಗೂ ಪದಗಳಿವೆ. ಮೆಲ್ಲಗೆ ಮಾತಾಡುವ, ಕ್ರಿಕೆಟ್ ಆಡದ, ನಡಿಗೆ ಸ್ವಲ್ಪ ಬೇರೆಯಾದ ಹುಡುಗನನ್ನು ‘ಹೆಣ್ಣಿಗ’ ಎಂದು ಕರೆಯದ ಹೈಸ್ಕೂಲು ನಮ್ಮಲ್ಲಿ ಇದೆಯೇ? ನಮ್ಮ ಸಿನಿಮಾಗಳಲ್ಲಿ ಅಂಥ ಪಾತ್ರ ಇರುತ್ತಿದ್ದದ್ದೇ ನಗಿಸಲಿಕ್ಕೆ. ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ತಂದರು. ಅದರಲ್ಲಿ ಮೋಹನಸ್ವಾಮಿ ಪ್ರೀತಿಸಿದ ಕಾರ್ತಿಕನಿಗೆ ಹುಡುಗಿಯ ಜೊತೆ ಮದುವೆಯಾಗುತ್ತದೆ. ಮೋಹನಸ್ವಾಮಿಗೆ ಅಳಲೂ ಜಾಗವಿಲ್ಲ, ಏಕೆಂದರೆ ಅವನ ದುಃಖಕ್ಕೆ ಲೋಕದಲ್ಲಿ ಹೆಸರೇ ಇಲ್ಲ. ಪುಸ್ತಕ ಬಂದ ವರ್ಷವೇ, ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಅನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಅದೇ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಕಾನೂನಿಗಿಂತ ಐದು ವರ್ಷ ಮೊದಲು ಕನ್ನಡದ ಕಥೆ ಅಲ್ಲಿಗೆ ಹೋಗಿ ನಿಂತಿತ್ತು.

ಮಂಜಮ್ಮ ಜೋಗತಿಯವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’, ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆ. ಹೆಣ್ಣು–ಗಂಡೆಂಬುದು ಮೈಮೇಲಿನ ಗುರುತು ಮಾತ್ರ, ಒಳಗಿರುವುದಕ್ಕೆ ಅದು ಅಂಟುವುದಿಲ್ಲ ಎಂಬ ದಾಸಿಮಯ್ಯನ ವಚನವನ್ನು ನೆನಪಿಗೆ ತರುವ ಹೆಸರದು. ಶತಮಾನಗಳ ಹಿಂದೆ ನೇಕಾರನೊಬ್ಬ ಕಂಡ ಈ ಸತ್ಯ ನಮ್ಮ ಅರ್ಜಿ ಫಾರಂಗಳಿಗೆ ತಲುಪಲು ಎಷ್ಟು ಕಾಲ ಬೇಕಾಯಿತು ನೋಡಿ: ತೃತೀಯ ಲಿಂಗಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 2014ರ ತೀರ್ಪಿನಿಂದ. ಕರ್ನಾಟಕ ಸರ್ಕಾರಿ ಹುದ್ದೆಗಳಲ್ಲಿ ಶೇ 1ರಷ್ಟು ಮೀಸಲಾತಿ ತಂದದ್ದು 2021ರಲ್ಲಿ. ಮಂಜಮ್ಮನವರಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ. ಆನ್‌ಲೈನ್ ಅರ್ಜಿ ತುಂಬುವಾಗ ಲಿಂಗದ ಕಾಲಂನಲ್ಲಿ ಮೂರನೆಯ ಆಯ್ಕೆಯೊಂದು ಬರುತ್ತದಲ್ಲ, ನಾವು ಅರೆಕ್ಷಣವೂ ನೋಡದೆ ದಾಟಿ ಹೋಗುವ ಸಾಲು. ಆ ಸಾಲಿಗಾಗಿ ಕೆಲವರು ಬದುಕಿಡೀ ಕಾದಿದ್ದಾರೆ.

ಈ ಪುಸ್ತಕಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ದಿನಪತ್ರಿಕೆ, ಉದ್ಯೋಗ ವಾರ್ತೆ ಓದಲು ಹೋಗುತ್ತೇವಲ್ಲ, ಅಲ್ಲೇ ಕಾದಂಬರಿಯ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುತ್ತವೆ. ನಮ್ಮ ಪಿ.ಜಿ.ಯಲ್ಲಿ ‘ಮೋಹನಸ್ವಾಮಿ’ ಈಗ ಮೂರನೆಯವರ ಕೈಗೆ ಹೋಗಿದೆ. ಗೆಳತಿ ಅದಕ್ಕೆ ಹಳೆಯ ಎಫ್‌ಡಿಎ ಗೈಡಿನ ರಕ್ಷಾಪುಟ ಹಾಕಿಕೊಂಡು ಓದುತ್ತಿದ್ದಾಳೆ. ಭಾನುವಾರ ಅವಳಮ್ಮ ಬರುತ್ತಾರಂತೆ.