ಹಿಡಿದ ಮೀನನ್ನು ಬಿಟ್ಟರೆ ತಪ್ಪು!

ಸಣ್ಣ ಮೀನು ಸಿಕ್ಕರೆ ನೀರಿಗೆ ಬಿಡಿ, ಬೆಳೆದದ್ದನ್ನು ಒಯ್ಯಿರಿ. ಗಾಳ ಹಾಕುವವರಿಗೆ ಸರ್ಕಾರಗಳು ಸಾಮಾನ್ಯವಾಗಿ ಹೇಳುವ ಬುದ್ಧಿಮಾತು ಇದು. ಅಮೆರಿಕದ ಪೂರ್ವ ಟೆಕ್ಸಸ್‌ನ ಲೇಕ್ ಫೋರ್ಕ್ ಜಲಾಶಯಕ್ಕೆ ಮಾಡಿದ ಚಳಿಗಾಲದ ನಿಯಮ ಇದಕ್ಕೆ ತದ್ವಿರುದ್ಧ. ಡಿಸೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳಕ್ಕೆ ಬಿದ್ದ ಕ್ರ್ಯಾಪಿ ಎಷ್ಟೇ ಚಿಕ್ಕದಿರಲಿ, ಇಟ್ಟುಕೊಳ್ಳಲೇಬೇಕು. ದಿನಕ್ಕೆ 25 ಆದವೋ, ಅಲ್ಲಿಗೆ ಮುಗಿಯಿತು.

ಮೇಲ್ನೋಟಕ್ಕೆ ಕ್ರೂರ ಎನಿಸುವ ಈ ನಿಯಮದ ಹಿಂದೆ ಇರುವುದು ಮೀನಿನ ಹೊಟ್ಟೆಯೊಳಗಿನ ಒಂದು ಗಾಳಿಚೀಲ.

ಕ್ರ್ಯಾಪಿ ಎಂದರೆ ಬೆಳ್ಳಿ ಮೈಮೇಲೆ ಕಪ್ಪು ಮಚ್ಚೆಗಳಿರುವ, ಅಂಗೈಯಗಲದ ಚಪ್ಪಟೆ ಮೀನು. ದೊಡ್ಡ ಬಾಯಿಯ ಬಾಸ್ ಅದರ ದಾಯಾದಿ. ಎರಡೂ ಒಂದೇ ಕುಟುಂಬದವು. ಬೇಸಿಗೆಯಲ್ಲಿ ಇವು ತೀರಾ ಆಳಕ್ಕೆ ಇಳಿಯುವುದಿಲ್ಲ. ಆಗ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರಗಟ್ಟಿ ನಿಲ್ಲುತ್ತದೆ. ತಳದ ಪದರದಲ್ಲಿ ಆಮ್ಲಜನಕ ತೀರಿಹೋಗಿರುತ್ತದೆ. ಚಳಿಗೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದಾಗ ಇಡೀ ಜಲಾಶಯ ಕಲಕಿ, ತಳಕ್ಕೂ ಆಮ್ಲಜನಕ ಸಿಗುತ್ತದೆ. ದಡದ ನೀರು ಒಂದೇ ರಾತ್ರಿಯ ಶೀತಗಾಳಿಗೆ ತಣ್ಣಗಾಗಿಬಿಡುತ್ತದೆ, ಆಳದ ನೀರು ಅಷ್ಟು ಬೇಗ ಬದಲಾಗದು. ಹಾಗಾಗಿ ಶ್ಯಾಡ್ ಎಂಬ ಪುಟ್ಟ ಮೀನುಗಳು ಆಳ ಹಿಡಿಯುತ್ತವೆ. ಅವುಗಳ ಬೆನ್ನಿಗೆ ಕ್ರ್ಯಾಪಿ, ಅದರ ಬೆನ್ನಿಗೆ ಬಾಸ್.

ಟೆಕ್ಸಸ್‌ನ ಬಾಸ್ ದಾಖಲೆ ಸೃಷ್ಟಿಯಾದದ್ದೂ ಹೀಗೆಯೇ. 1992ರ ಜನವರಿಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಇದೇ ಲೇಕ್ ಫೋರ್ಕ್‌ನಲ್ಲಿ 42 ಅಡಿ ಆಳಕ್ಕೆ ಮರಿಮೀನು ಕಟ್ಟಿದ ಗಾಳ ಇಳಿಬಿಟ್ಟಿದ್ದು ಕ್ರ್ಯಾಪಿಗಾಗಿ. ಬಂದದ್ದು 18.18 ಪೌಂಡ್, ಅಂದರೆ ಎಂಟು ಕಿಲೋ ದಾಟಿದ ಬಾಸ್! ಬಾಸ್‌ಗೆಂದೇ ದುಬಾರಿ ದೋಣಿ, ಬಣ್ಣಬಣ್ಣದ ಪ್ಲಾಸ್ಟಿಕ್ ಹುಳ ಹೊತ್ತು ತಿರುಗುವವರ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ.

ಚಳಿಯಲ್ಲಿ ಮೀನಿನ ಮೈಬಿಸಿ ನೀರಿನಷ್ಟೇ ಇರುವುದರಿಂದ ಜೀರ್ಣ ನಿಧಾನ, ಹಸಿವು ಕಡಿಮೆ, ಓಟವಂತೂ ಬೇಡವೇ ಬೇಡ. ಗಾಳ ಅದರ ಮೂತಿಯ ಮುಂದೆಯೇ ಹೆಚ್ಚುಕಡಿಮೆ ಅಲುಗದೆ ನಿಲ್ಲಬೇಕು. ಕ್ರ್ಯಾಪಿ ಕೆಳಗಿನಿಂದ ಮೇಲಕ್ಕೆ ಬಂದು ಬಾಯಿ ಹಾಕುವುದರಿಂದ ಎಷ್ಟೋ ಸಲ ದಾರ ಬಿಗಿಯುವ ಬದಲು ತುಸು ಸಡಿಲವಾಗುತ್ತದೆ. ಅನುಭವಿಗಳು ಕಾಯುವುದು ಆ ಸಡಿಲಕ್ಕೇ. ಜೋರಾಗಿ ಎಳೆದರೆ ತುಟಿಯ ತೆಳು ಪೊರೆ ಹರಿದು ಮೀನು ಕೈಬಿಟ್ಟುಹೋಗುತ್ತದೆ.

ಈಗ ಗಾಳಿಚೀಲಕ್ಕೆ ಬರೋಣ. ನೀರಿನಲ್ಲಿ ಮುಳುಗದೆ ತೇಲದೆ ನಿಲ್ಲಲು ಮೀನಿಗೆ ಈ ಚೀಲ ಬೇಕು. ನಮ್ಮ ಕೆರೆಗಳ ಕಟ್ಲಾ, ರೋಹುಗಳಲ್ಲಿ ಚೀಲದಿಂದ ಅನ್ನನಾಳಕ್ಕೊಂದು ಕೊಳವೆಯಿದೆ. ಗಾಳಿ ಹೆಚ್ಚಾದರೆ ತೇಗಿಬಿಡಬಹುದು. ಬಾಸ್, ಕ್ರ್ಯಾಪಿಗಳ ಚೀಲಕ್ಕೆ ಆ ಬಾಗಿಲಿಲ್ಲ. ಅನಿಲ ರಕ್ತಕ್ಕೆ ಇಂಗಿಯೇ ಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. 42 ಅಡಿ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟಿಗೂ ಹೆಚ್ಚು. ಅಲ್ಲಿಂದ ಅರೆನಿಮಿಷದಲ್ಲಿ ಎಳೆದು ತಂದರೆ ಚೀಲದ ಗಾಳಿಯೂ ಅಷ್ಟೇ ಪಟ್ಟು ಹಿಗ್ಗಲು ನೋಡುತ್ತದೆ. ಹೊಟ್ಟೆ ಊದುತ್ತದೆ, ಕಣ್ಣು ಹೊರಚಾಚುತ್ತವೆ, ಜಠರ ಮಗುಚಿ ಬಾಯಿಗೇ ಬರುವುದೂ ಉಂಟು. ಇಂಥದ್ದನ್ನು ನೀರಿಗೆ ಬಿಟ್ಟರೆ ಕೆಳಗಿಳಿಯಲಾರದೆ ಮಗ್ಗುಲಾಗಿ ತೇಲುತ್ತದೆ, ಹಕ್ಕಿಗಳ ಪಾಲಾಗುತ್ತದೆ. ಆಳದಿಂದ ಬಂದ ಬಾಸ್‌ಗೆ ಕೆಲವರು ಸೂಜಿ ಚುಚ್ಚಿ ಗಾಳಿ ಬಿಡುವುದುಂಟು. ಅದಕ್ಕೆ ಪಳಗಿದ ಕೈ ಬೇಕು.

ಚಿಕ್ಕದನ್ನು ಎಸೆದು ದೊಡ್ಡದಕ್ಕೆ ಕಾಯುತ್ತ ಕೂತವರು ಹೀಗೆ ತಮಗರಿವಿಲ್ಲದೆ ಹತ್ತಾರು ಮೀನು ಕೊಲ್ಲುತ್ತಾರೆ. ಸಾಯುವ ಮೀನು ಲೆಕ್ಕಕ್ಕಾದರೂ ಬರಲಿ ಎಂಬುದು ನಿಯಮದ ತರ್ಕ. ನನಗಂತೂ ಇದು ದಯೆಯ ಹೆಸರಿನಲ್ಲಿ ನಡೆಯುವ ಬಿಡುಗಡೆಗಿಂತ ಪ್ರಾಮಾಣಿಕ ಎನಿಸುತ್ತದೆ.

ಫೆಬ್ರವರಿ ಮುಗಿದು ನೀರು 15–16 ಡಿಗ್ರಿ ಸೆಲ್ಸಿಯಸ್‌ನತ್ತ ಏರಿದಂತೆ ಕ್ರ್ಯಾಪಿಗಳು ಮೊಟ್ಟೆಯಿಡಲು ದಡದ ಕಡೆ ಬರುತ್ತವೆ. ಅಲ್ಲಿ ಆಳ ಕೆಲವೇ ಅಡಿ, ಚೀಲ ಊದುವ ಭಯವಿಲ್ಲ. ಮಾರ್ಚ್ 1ರಿಂದ ಹಳೆಯ ನಿಯಮವೇ ಮತ್ತೆ ಜಾರಿ: 10 ಅಂಗುಲಕ್ಕಿಂತ ಚಿಕ್ಕದು ಸಿಕ್ಕರೆ ನೀರಿಗೆ ಬಿಡಬೇಕು.