ಕಾಲೇಜುಗಳ ಊರು, ಕಲ್ಲುಗಳ ಊರು

ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ದಾವಣಗೆರೆಯ ಕೈ ಹಿಡಿದದ್ದು ಕಾಲೇಜುಗಳು. 1951ರ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1958ರ ಬಾಪೂಜಿ ವಿದ್ಯಾಸಂಸ್ಥೆ, 1964ರ ದೃಶ್ಯಕಲಾ ಕಾಲೇಜು, 1965ರ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಆಗಲೇ ಬೇರು ಬಿಟ್ಟಿದ್ದವು. ತೋಳಹುಣಸೆಯಲ್ಲಿ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿದ್ದು, ಕುವೆಂಪು ವಿಶ್ವವಿದ್ಯಾನಿಲಯದ ಮಡಿಲಿಗೆ ಹೋಗಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ವಿದ್ಯಾನಗರಿ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ಆದರೂ ಕಾಲೇಜುಗಳು ತುಂಬಿರುವ ಊರೆಲ್ಲ ವಿಶ್ವವಿದ್ಯಾನಿಲಯದ ಊರಾಗುವುದಿಲ್ಲ. ಅಲ್ಲಿ ಕಲಿಯುವವರು ಕಾಲ ಕೆಳಗಿನ ನೆಲವನ್ನೂ ಓದಬೇಕು. ಆ ಓದು ಊರಿನವರ ಕೈಗೂ ತಿರುಗಿ ಬರಬೇಕು. ಈ ಅಳತೆಗೋಲು ಹಿಡಿದರೆ ದಾವಣಗೆರೆ ಇನ್ನೂ ಅರ್ಧ ದಾರಿಯಲ್ಲಿದೆ.

ಈ ಅಳತೆಗೋಲಿಗೆ ಒಳ್ಳೆಯ ಮಾದರಿ ನೈಋತ್ಯ ಜರ್ಮನಿಯ ಟ್ಯೂಬಿಂಗೆನ್. ಕನ್ನಡಿಗರಿಗೆ ಅದು ಪೂರ್ತಿ ಪರಕೀಯವೂ ಅಲ್ಲ. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಓದಿದ್ದು ಅಲ್ಲಿ, ನಿಘಂಟಿನ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿಯ ವಿಶ್ವವಿದ್ಯಾನಿಲಯ, ಅವರು 1903ರಲ್ಲಿ ತೀರಿಕೊಂಡದ್ದೂ ಅದೇ ಊರಲ್ಲಿ. ಸುಮಾರು 90 ಸಾವಿರ ಜನರ ಆ ಊರಿನಲ್ಲಿ ಬೆಟ್ಟದ ಮೇಲಿನ ಹಳೆಯ ಕೋಟೆಯೇ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯ. 1869ರಲ್ಲಿ ಮೀಷರ್ ಎಂಬ ತರುಣ ವೈದ್ಯ, ನಾವು ಇಂದು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಆ ಕೋಟೆಯ ಹಳೇ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ. ಅದೇ ಕೋಟೆಯೊಳಗೆ ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಬೆರಳುದ್ದದ ಪ್ರಾಣಿಗಳಿವೆ. 1931ರಲ್ಲಿ ವಿಶ್ವವಿದ್ಯಾನಿಲಯದವರು ಅದೇ ಸೀಮೆಯ ಫೋಗೆಲ್‌ಹೆರ್ಡ್ ಗುಹೆಯನ್ನು ಅಗೆದಾಗ ಇಂಥ ಕೆತ್ತನೆಗಳು ಮೊದಲು ಸಿಕ್ಕವು. ಅಷ್ಟಕ್ಕೇ ಬಿಡಲಿಲ್ಲ. 2005ರಿಂದ ಕೆಲವು ವರ್ಷ, ತಮ್ಮವರೇ ಅಂದು ಅಗೆದು ಹೊರಗೆ ಸುರಿದಿದ್ದ ಮಣ್ಣನ್ನು ಮತ್ತೆ ಜರಡಿ ಹಿಡಿದರು. ಅದರಲ್ಲಿ ನಾಲ್ಕು ಸೆಂಟಿಮೀಟರಿಗೂ ಕಡಿಮೆ ಉದ್ದದ, ಮುರಿಯದೆ ಉಳಿದ ಮ್ಯಾಮತ್ ಬೊಂಬೆಯೊಂದು ಸಿಕ್ಕಿತು. ಆ ಸೀಮೆಯ ಗುಹೆಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. (1931ರ ಅಗೆತ ನಡೆಸಿದ ಪ್ರಾಧ್ಯಾಪಕ ರೀಕ್ ಮುಂದೆ ನಾಜಿಗಳ ಎಸ್.ಎಸ್. ಪಡೆ ಸೇರಿದ. ವಿದ್ಯೆಯ ಊರು ಎಂದ ಮಾತ್ರಕ್ಕೆ ಎಲ್ಲವೂ ಪೂಜ್ಯವಲ್ಲ.)

ಈಗ ಇತ್ತ ನೋಡೋಣ. ಆನೆಕೊಂಡ ದಾವಣಗೆರೆಯ ಒಂದು ಬಡಾವಣೆ. ಅಲ್ಲಿ ಹಳೆಯ ಈಶ್ವರ ದೇಗುಲವಿದೆ. ಬಸವೇಶ್ವರನ ಗುಡಿಯಲ್ಲಿ ಶ್ರಾವಣದ ಕಾರ್ಣಿಕ ಇಂದಿಗೂ ನಡೆಯುತ್ತದೆ, ಮಳೆ-ಬೆಳೆಯ ಸೂಚನೆಗೆ ಜನ ಕಿವಿಗೊಡುತ್ತಾರೆ. ಹದಿನೈದು ಕಿಲೋಮೀಟರು ಹೋದರೆ ಹರಿಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣುವಾದ ಒಂದೇ ವಿಗ್ರಹ. ಮಂಟಪದ ಕಂಬಗಳನ್ನು ಹತ್ತಿರದಿಂದ ನೋಡಿದರೆ ಚಾಣ ಹಿಡಿದು ಕಡೆದದ್ದಕ್ಕಿಂತ ತಿರುಗಣಿಗೆ ಏರಿಸಿ ತಿರುವಿದ ಗುರುತೇ ಹೆಚ್ಚು: ಗಂಟೆಯಾಕಾರದ ಉಬ್ಬು, ಅದರ ಮೇಲೆ ಕೂದಲೆಳೆಯ ಅಂತರದ ಬಳೆಸಾಲು. ಟನ್‌ಗಟ್ಟಲೆ ತೂಗುವ ಕಲ್ಲನ್ನು ತಿರುಗಿಸಿದ್ದು ಹೇಗೆ ಎಂಬುದು ಇತಿಹಾಸಕ್ಕಿಂತ ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಹತ್ತಿರದ ಪ್ರಶ್ನೆ. ಅದನ್ನು ಕೇಳಬೇಕಾದ ಹುಡುಗರು ಅರ್ಧ ಗಂಟೆಯ ಬಸ್ ದಾರಿಯಲ್ಲೇ ಇದ್ದಾರೆ.

ಟ್ಯೂಬಿಂಗೆನ್ನಿನ ವಿಶ್ವವಿದ್ಯಾನಿಲಯ 1477ರದ್ದು, ನಮ್ಮದು ನಿನ್ನೆ ಮೊನ್ನೆಯದು, ಹೋಲಿಕೆಯೇ ತಪ್ಪು ಎನ್ನುವವರಿದ್ದಾರೆ. ಆದರೆ ಗುಹೆ ಅಗೆಯಲು ಅವರಿಗೆ ನಾನೂರೈವತ್ತು ವರ್ಷ ಹಿಡಿಯಿತು; ವಯಸ್ಸೇ ಕೆಲಸ ಮಾಡುವುದಾದರೆ ಅಷ್ಟು ತಡವಾಗಬೇಕಿರಲಿಲ್ಲ. ದೇಗುಲ ಕಾಯಲು ಪುರಾತತ್ತ್ವ ಇಲಾಖೆ ಇದೆಯಲ್ಲ ಎಂಬುದು ಇನ್ನೊಂದು ಮಾತು. ಇಲಾಖೆ ಬೇಲಿ ಹಾಕಬಹುದು, ಕಲ್ಲು ಕೂರಿಸಬಹುದು. ಕಾರ್ಣಿಕದ ನುಡಿಗಳನ್ನು ವರ್ಷವರ್ಷವೂ ಬರೆದಿಟ್ಟು ಆ ವರ್ಷದ ಮಳೆಯ ಲೆಕ್ಕದೊಡನೆ ಇಟ್ಟು ನೋಡುವುದು ಅದರ ಕೆಲಸವಲ್ಲ. ಚಿಂದೋಡಿ ಲೀಲಾ ಅವರಂಥ ಕಲಾವಿದರನ್ನು ಕೊಟ್ಟ ವೃತ್ತಿ ನಾಟಕ ಕಂಪನಿಗಳ ಪರದೆ, ಹಸ್ತಪ್ರತಿಗಳನ್ನು ಹುಡುಕುವುದೂ ಅದರದ್ದಲ್ಲ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಸಾಲ ಮಾಡಿ ಫೀಸು ಕಟ್ಟುವ ತಂದೆತಾಯಿ ಕೇಳುವುದು ಕೆಲಸ, ಶಾಸನವಲ್ಲ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ವರ್ತಕರೂ ಊರಿನ ದಾನಿಗಳೂ ಸೇರಿ ಕಟ್ಟಿದ ಇಲ್ಲಿಯ ಕಾಲೇಜುಗಳು ಎಷ್ಟೋ ರೈತಾಪಿ ಮನೆಗಳಿಗೆ ಮೊದಲ ಇಂಜಿನಿಯರನ್ನು, ಮೊದಲ ಡಾಕ್ಟರನ್ನು ಕೊಟ್ಟಿವೆ. ಆದರೆ ಕಾಲ ಕೆಳಗಿನ ನೆಲವನ್ನು ಓದಲು ಹೊಸ ಕೋರ್ಸೇನೂ ಬೇಕಿಲ್ಲ. ಸಿವಿಲ್ ವಿದ್ಯಾರ್ಥಿ ಹೇಗೂ ಸರ್ವೆ ಕಲಿಯಬೇಕು. ಖಾಲಿ ಮೈದಾನ ಅಳೆಯುವ ಬದಲು ಆನೆಕೊಂಡದ ಗುಡಿ ಅಳೆಯಲಿ. ದೃಶ್ಯಕಲೆಯವರು ಹೇಗೂ ರೇಖಾಚಿತ್ರ ಬರೆಯಬೇಕು. ಪೋಲಾಳ್ವನ ಕಂಬಗಳನ್ನು ಬರೆಯಲಿ. ಅಂಕ ಅಷ್ಟೇ, ಖರ್ಚು ಬಸ್ ಚಾರ್ಜು. ಬರೆದದ್ದು, ಅಳೆದದ್ದು ಪ್ರಾಜೆಕ್ಟ್ ವರದಿಯಾಗಿ ಬೀರುವಿನಲ್ಲಿ ಕೂರದಂತೆ ಊರಿನ ನಡುವೆ ಒಂದು ಕೋಣೆ ಬೇಕು. ಅದನ್ನು ಕೊಡಬೇಕಾದದ್ದು ಮಹಾನಗರಪಾಲಿಕೆ, ಕೇಳಬೇಕಾದದ್ದು ವಿಶ್ವವಿದ್ಯಾನಿಲಯ.