ಮಾತ್ರೆಯ ಪಾರ್ಸೆಲ್ ಕಳಿಸುವ ಮುನ್ನ

‘ಹೊಟ್ಟೆ ಹೇಗಿದೆಯೋ?’

ಪ್ರತಿ ಭಾನುವಾರ ಹಾಸನದಿಂದ ಫೋನ್ ಬಂದಾಗ ಅಮ್ಮ ಮೊದಲು ಕೇಳುವುದು ಇದನ್ನೇ. ‘ಪರವಾಗಿಲ್ಲಮ್ಮ’ ಎನ್ನುವುದು ನಮ್ಮ ಸಿದ್ಧ ಉತ್ತರ. ಕಳೆದ ವರ್ಷದ ಒಂದು ಭಾನುವಾರ ಮಾತ್ರ ಆ ಉತ್ತರ ಬಾಯಿಗೆ ಬರಲಿಲ್ಲ. ಹಿಂದಿನ ದಿನವಷ್ಟೇ ಫ್ರೀಮಾಂಟ್‌ನ ನಮ್ಮ ಮನೆ ಹತ್ತಿರದ ಔಷಧಿ ಅಂಗಡಿಯಲ್ಲಿ 42 ಮಾತ್ರೆಗಳಿಗೆ ಎರಡು ಸಾವಿರ ಡಾಲರ್‌ಗೆ ಹತ್ತಿರದ ಬಿಲ್ ಕಂಡು, ಮಾತ್ರೆಯನ್ನು ಕೌಂಟರಿನಲ್ಲೇ ಬಿಟ್ಟು ಬಂದಿದ್ದೆವು.

ವಿಷಯ ತಿಳಿದ ಅಮ್ಮ ತಡಮಾಡಲಿಲ್ಲ. ‘ಮಾತ್ರೆ ಹೆಸರು ವಾಟ್ಸ್‌ಆ್ಯಪ್ ಮಾಡು. ನಾಳೆನೇ ಮೆಡಿಕಲ್ ಶಾಪಿನಲ್ಲಿ ತಗೊಂಡು ಕೊರಿಯರ್ ಹಾಕಿಸ್ತೀನಿ’ ಎಂದರು.

ಬೇ ಏರಿಯಾದ ಫ್ರೀಮಾಂಟ್, ಸನಿವೇಲ್, ಕುಪರ್ಟಿನೊ, ಸ್ಯಾನ್ ಹೋಸೆಗಳಲ್ಲಿ ನೆಲೆಸಿರುವ ಅನೇಕ ಕನ್ನಡದ ಮನೆಗಳಲ್ಲಿ ಇಂಥ ಮಾತುಕತೆ ನಡೆದೇ ಇರುತ್ತದೆ. ಹಬ್ಬದೂಟಕ್ಕೆ ಸೇರಿದಾಗಲೂ ‘ಊರಿಂದ ಯಾರು ಬರ್ತಿದ್ದಾರೆ, ಸ್ವಲ್ಪ ಮಾತ್ರೆ ತರಿಸಬೇಕಿತ್ತು’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಪಾರ್ಸೆಲ್ ಕೊನೆಗೂ ನಮಗೆ ಬೇಕಾಗಲಿಲ್ಲ. ಯಾಕೆ ಎನ್ನುವುದನ್ನು ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೂ, ಅವರಿಂದ ಕಾಯಿಲೆ ಮುಚ್ಚಿಡುವ ಮಕ್ಕಳಿಗೂ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇವೆ.

ಬೆಲೆ ಯಾಕಿಷ್ಟು?

ನಮ್ಮಲ್ಲೊಬ್ಬರಿಗೆ ಇರುವುದು ಇರಿಟೇಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್. ಪರೀಕ್ಷೆ ಮಾಡಿದರೆ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಕಾಣುವುದಿಲ್ಲ. ಆದರೆ ಹೊಟ್ಟೆ ನುಲಿಯುತ್ತದೆ, ಉಬ್ಬರಿಸುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ. ಪ್ರಾಣಕ್ಕೆ ಅಪಾಯವಿಲ್ಲ, ನಿಜ. ಆದರೆ ಬೆಳಿಗ್ಗೆ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಒಂದು ಗಂಟೆ ಸಿಕ್ಕಿಕೊಂಡವರಿಗೆ ಅದರ ಪಾಡು ಗೊತ್ತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ಅದನ್ನು ಐಬಿಎಸ್ ಎಂದುಕೊಂಡು ಸುಮ್ಮನಿರಬಾರದು. ಕೂಡಲೇ ವೈದ್ಯರಿಗೆ ತೋರಿಸಬೇಕು.

ಭೇದಿಯ ಐಬಿಎಸ್‌ಗೆ ಇಲ್ಲಿ ಬರೆದುಕೊಡುವ ಔಷಧಗಳಲ್ಲಿ ರಿಫಾಕ್ಸಿಮಿನ್ ಒಂದು. ಅಮೆರಿಕದಲ್ಲಿ ಅದರ ಬ್ರ್ಯಾಂಡ್ ಹೆಸರು ಝೈಫಾಕ್ಸಾನ್. ಐಬಿಎಸ್‌ಗೆ ಇದನ್ನು ಬಳಸಲು ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2015ರ ಮೇ ತಿಂಗಳಲ್ಲಿ. 550 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರರಂತೆ 14 ದಿನ, ಒಟ್ಟು 42. ಮಲಬದ್ಧತೆಯ ಐಬಿಎಸ್‌ಗೆ 2012ರಲ್ಲಿ ಒಪ್ಪಿಗೆ ಪಡೆದ ಲಿನ್ಜೆಸ್ ಇದೆ. ಅದರ ಒಂದು ತಿಂಗಳ ಪಟ್ಟಿ ಬೆಲೆ 2024ರಲ್ಲಿ 539 ಡಾಲರ್ ಇತ್ತು.

ನಮ್ಮೂರಿನಲ್ಲಿ ರಿಫಾಕ್ಸಿಮಿನ್‌ ಅನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಮಾತ್ರೆಯೊಂದಕ್ಕೆ ಹತ್ತಾರು ರೂಪಾಯಿಯಷ್ಟೇ. ಇಲ್ಲಿ ಪೇಟೆಂಟಿನ ಕಾವಲಿದೆ. ಜೆನರಿಕ್ ತಯಾರಿಸಲು ಮುಂದೆ ಬಂದ ಕಂಪನಿಗಳು ಬ್ರ್ಯಾಂಡ್ ಕಂಪನಿಯೊಡನೆ ಮಾಡಿಕೊಂಡ ರಾಜಿಯ ಪ್ರಕಾರ ಅವು ಮಾರುಕಟ್ಟೆಗೆ ಬರುವುದು 2028ರ ಜನವರಿಗೆ. ಹಾಗಾಗಿ ಅಮ್ಮನಿಗೆ ಹಾಸನದಲ್ಲಿ ಸಿಗುವ ಬೆಲೆಗೂ ನಮಗೆ ಫ್ರೀಮಾಂಟ್‌ನಲ್ಲಿ ಸಿಗುವ ಬೆಲೆಗೂ ಅಜಗಜಾಂತರ.

ಪಾರ್ಸೆಲ್ ಯಾಕೆ ಬೇಡ?

ಎಫ್‌ಡಿಎ ಒಪ್ಪಿಗೆಯಿಲ್ಲದ ಔಷಧವನ್ನು ಹೊರದೇಶದಿಂದ ತರಿಸಿಕೊಳ್ಳುವುದು ಸಾಮಾನ್ಯವಾಗಿ ಇಲ್ಲಿನ ಕಾನೂನಿಗೆ ವಿರುದ್ಧ. ಮೂಲವಸ್ತು ಒಂದೇ ಆಗಿದ್ದರೂ ಭಾರತದ ಪೇಟೆಗೆಂದು ತಯಾರಾದ ಮಾತ್ರೆಗೆ ಆ ಒಪ್ಪಿಗೆ ಇರುವುದಿಲ್ಲ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತರೆ ಮಾತ್ರೆಯೂ ಹೋಯಿತು, ದುಡ್ಡೂ ಹೋಯಿತು.

ಇನ್ನೂ ಎಚ್ಚರ ಬೇಕಾದ ವಿಷಯವಿದೆ. ನಮ್ಮಲ್ಲಿ ಹೊಟ್ಟೆನೋವಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಬೆರೆತಿರುತ್ತದೆ. ಇದು ಆತಂಕ ತಗ್ಗಿಸುವ ಔಷಧ, ಅಭ್ಯಾಸವಾಗಿಬಿಡಬಲ್ಲದ್ದು, ಅಮೆರಿಕದ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿದೆ. ‘ಬರೀ ಹೊಟ್ಟೆ ಮಾತ್ರೆ’ ಎಂದುಕೊಂಡು ಸಂಬಂಧಿಕರ ಬ್ಯಾಗಿನಲ್ಲಿ ಇಟ್ಟು ಕಳಿಸಿದರೆ ತೊಂದರೆಗೆ ಸಿಕ್ಕಿಕೊಳ್ಳುವವರು ಅವರು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಮೆಬೆವೆರಿನ್‌ಗೆ ಇಲ್ಲಿ ಒಪ್ಪಿಗೆಯೇ ಇಲ್ಲ.

ಅಪ್ಪ ಅಮ್ಮ ಇಲ್ಲಿಗೆ ಬರುವಾಗ ತಮ್ಮದೇ ಔಷಧ ತರುವುದು ಬೇರೆ ಮಾತು. 90 ದಿನಕ್ಕೆ ಆಗುವಷ್ಟನ್ನು ಸ್ವಂತ ಬಳಕೆಗೆ ತರಬಹುದು. ಮಾತ್ರೆ ಮೂಲ ಪ್ಯಾಕಿನಲ್ಲೇ ಇರಲಿ, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿ ಜೊತೆಗಿರಲಿ, ಕೈಚೀಲದಲ್ಲೇ ಇರಲಿ.

ಸಂಕೋಚ ಬಿಟ್ಟ ದಿನ

ಬಿಲ್ ನೋಡಿ ವಾಪಸ್ ಬಂದವರು ಎರಡು ವಾರ ಸುಮ್ಮನಿದ್ದೆವು. ಡಾಕ್ಟರ ಹತ್ತಿರ ದುಡ್ಡಿನ ಮಾತು ಆಡುವುದು ಹೇಗೆ ಎಂಬ ಸಂಕೋಚ. ಒಳ್ಳೆಯ ಕೆಲಸದಲ್ಲಿದ್ದೂ ‘ಈ ಔಷಧ ಕೊಳ್ಳಲಾಗುವುದಿಲ್ಲ’ ಎನ್ನಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ನೋವು ತಡೆಯಲಾಗದೆ ಹೇಳಿಬಿಟ್ಟೆವು. ವೈದ್ಯರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬೆಲೆ ತಮ್ಮ ಕಂಪ್ಯೂಟರಿನಲ್ಲಿ ಕಾಣಲಿಲ್ಲವೆಂದು ಹೇಳಿ, ಬೇರೆ ದಾರಿ ನೋಡೋಣ ಎಂದರು.

ಅವರು ಬರೆದುಕೊಟ್ಟಿದ್ದು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. ಹಳೆಯ ಔಷಧ, ಜೆನರಿಕ್, ತಿಂಗಳಿಗೆ ಕೆಲವೇ ಡಾಲರ್. ಇದು ಮೂಲತಃ ಖಿನ್ನತೆಗೆ ಕೊಡುತ್ತಿದ್ದ ಔಷಧ ಎಂದು ಕೇಳಿ ಅಮ್ಮ ಗಾಬರಿಯಾದರು. ‘ಅದು ತಲೆಗೆ ಕೊಡೋ ಮಾತ್ರೆ ಅಲ್ವೇನೋ?’ ಎಂದರು. ಅಲ್ಪ ಪ್ರಮಾಣದಲ್ಲಿ ಅದು ಕರುಳಿನ ನರಗಳ ನೋವನ್ನು ತಗ್ಗಿಸುತ್ತದೆ. ಬ್ರಿಟನ್ನಿನಲ್ಲಿ 463 ರೋಗಿಗಳ ಮೇಲೆ ನಡೆದ ‘ಅಟ್ಲಾಂಟಿಸ್’ ಅಧ್ಯಯನ 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದಿನಕ್ಕೆ 10ರಿಂದ 30 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಆರು ತಿಂಗಳ ನಂತರ ಐಬಿಎಸ್ ಲಕ್ಷಣಗಳು ಡಮ್ಮಿ ಮಾತ್ರೆ ತೆಗೆದುಕೊಂಡವರಿಗಿಂತ ಹೆಚ್ಚು ತಗ್ಗಿದ್ದು ಅದರಲ್ಲಿ ಕಂಡುಬಂತು. ಬಾಯಿ ಒಣಗುವುದು, ತೂಕಡಿಕೆ ಇರುತ್ತದೆ. ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ ಎಚ್ಚರ ಬೇಕು. ಎಲ್ಲರಿಗೂ ಇದೇ ಆಗುತ್ತದೆ ಎಂದು ನಾವು ಹೇಳುತ್ತಿಲ್ಲ. ಕೇಳಿದ್ದರಿಂದಲೇ ಬೇರೆ ದಾರಿ ತೆರೆಯಿತು ಎನ್ನುವುದಷ್ಟೇ ನಮ್ಮ ಮಾತು.

ದುಬಾರಿ ಔಷಧವೇ ಬೇಕಾದರೆ

ಕೆಲವರಿಗೆ ರಿಫಾಕ್ಸಿಮಿನ್ ಅಥವಾ ಲಿನ್ಜೆಸ್ ಬಿಟ್ಟರೆ ಗತಿಯಿಲ್ಲ. ಅವರೂ ಕೌಂಟರಿನಲ್ಲಿ ಹೇಳಿದ ಮೊದಲ ಬೆಲೆಯೇ ಕೊನೆಯದು ಎಂದುಕೊಳ್ಳಬಾರದು.

ಮೊದಲಿಗೆ, ವಿಮೆ ತಿರಸ್ಕರಿಸಿದ್ದೋ ಅಥವಾ ಪೂರ್ವಾನುಮತಿ ಬಾಕಿಯಿದೆಯೋ ಎಂದು ಕೇಳಬೇಕು. ದುಬಾರಿ ಔಷಧಕ್ಕೆ ವೈದ್ಯರು ವಿಮಾ ಕಂಪನಿಗೆ ಕಾರಣ ಬರೆದು ಕಳಿಸಬೇಕಾಗುತ್ತದೆ. ಅಗ್ಗದ ಔಷಧ ಯಾವುದನ್ನು ಎಷ್ಟು ದಿನ ತೆಗೆದುಕೊಂಡೆವು, ಏನಾಯಿತು ಎಂಬ ಪಟ್ಟಿ ನಮ್ಮ ಬಳಿಯೇ ಇದ್ದರೆ ಆ ಕಾಗದ ಬೇಗ ಸಾಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ ಇದೆ. ರಾಜ್ಯದ ಮ್ಯಾನೇಜ್ಡ್ ಹೆಲ್ತ್ ಕೇರ್ ಇಲಾಖೆಯ ಅಡಿ ಬರುವ ವಿಮೆಗಳಾದರೆ, ಅಲ್ಲಿ ಸ್ವತಂತ್ರ ವೈದ್ಯಕೀಯ ಪರಿಶೀಲನೆಯನ್ನು ಉಚಿತವಾಗಿ ಕೇಳಬಹುದು. ದೊಡ್ಡ ಕಂಪನಿಗಳು ತಾವೇ ಹಣ ಹೂಡಿ ನಡೆಸುವ ವಿಮೆಗೆ ಈ ದಾರಿ ಅನ್ವಯಿಸುವುದಿಲ್ಲ. ಅಲ್ಲಿನ ಮೇಲ್ಮನವಿಯ ಕ್ರಮವನ್ನು ಎಚ್‌ಆರ್ ವಿಭಾಗದಲ್ಲಿ ವಿಚಾರಿಸಬೇಕು.

ಎರಡನೆಯದು ಔಷಧ ಕಂಪನಿಯ ರಿಯಾಯಿತಿ ಕಾರ್ಡ್. ಖಾಸಗಿ ವಿಮೆ ಇದ್ದವರಿಗೆ ಇದು ದೊಡ್ಡ ಉಳಿತಾಯ. ಮೆಡಿಕೇರ್, ಮೆಡಿ-ಕ್ಯಾಲ್‌ನಂಥ ಸರ್ಕಾರಿ ವಿಮೆ ಇದ್ದವರು ಇದನ್ನು ಬಳಸುವಂತಿಲ್ಲ. ಆದಾಯ ಕಡಿಮೆ ಇರುವವರಿಗೆ, ಕೆಲಸ ಕಳೆದುಕೊಂಡವರಿಗೆ ತಯಾರಕರದೇ ನೆರವಿನ ಯೋಜನೆಗಳೂ ಇವೆ.

ಮೂರನೆಯದು ಅಂಗಡಿ. ಇದು ಜೆನರಿಕ್ ಔಷಧಗಳಿಗೆ ಹೆಚ್ಚು ಉಪಯೋಗ. ವಿಮೆಯ ಕೋ-ಪೇಗಿಂತ ನಗದು ಬೆಲೆ ಕಡಿಮೆಯಿದ್ದರೆ ಅದನ್ನು ಅಂಗಡಿಯವರು ಗ್ರಾಹಕರಿಗೆ ತಿಳಿಸಬೇಕು ಎಂದು ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನು ಮಾಡಿದೆ. ಆದರೂ ನಾವೇ ಕೇಳುವುದು ಮೇಲು. ಕಾಸ್ಟ್‌ಕೊ ಔಷಧಿ ವಿಭಾಗದಲ್ಲಿ ಚೀಟಿಯ ಔಷಧ ಕೊಳ್ಳಲು ಸದಸ್ಯತ್ವ ಬೇಕಿಲ್ಲ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 2022ರಲ್ಲಿ ಆರಂಭವಾದ ಮಾರ್ಕ್ ಕ್ಯೂಬನ್ ಅವರ ಕಾಸ್ಟ್ ಪ್ಲಸ್ ಡ್ರಗ್ಸ್ ಖರೀದಿ ಬೆಲೆಯ ಮೇಲೆ ಶೇ 15ರಷ್ಟು ಲಾಭ ಹಾಗೂ ಖರ್ಚನ್ನಷ್ಟೇ ಸೇರಿಸಿ ಮಾರುತ್ತದೆ. ಸ್ಯಾನ್ ಹೋಸೆಯಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿಯವರು 2015ರಲ್ಲಿ ತೆರೆದ ಬೆಟರ್ ಹೆಲ್ತ್ ಫಾರ್ಮಸಿ, ದಾನವಾಗಿ ಬಂದ, ಅವಧಿ ಮೀರದ ಔಷಧಗಳನ್ನು ಚೀಟಿ ತಂದವರಿಗೆ ಉಚಿತವಾಗಿ ಕೊಡುತ್ತದೆ. ಅಲ್ಲಿ ದಾಸ್ತಾನು ಇದ್ದದ್ದಷ್ಟೇ ಸಿಗುವುದು.

ಇನ್ನೊಂದು ಲೆಕ್ಕ: ಕಂತು ಕಡಿಮೆ ಎಂದು ಹೆಚ್ಚಿನ ಡಿಡಕ್ಟಿಬಲ್ ಇರುವ ವಿಮೆ ಆರಿಸಿದವರು ಜನವರಿಯಿಂದ ಪೂರ್ತಿ ಬೆಲೆ ತೆರುತ್ತಾರೆ. ಆ ವರ್ಷದ ಡಿಡಕ್ಟಿಬಲ್ ತೀರಿದ್ದರೆ ಮುಂದಿನ ಔಷಧವನ್ನು ಡಿಸೆಂಬರ್‌ನಲ್ಲೇ ಪಡೆಯಲು ಸಾಧ್ಯವೇ ಎಂದು ಕೇಳಿ. ಕೆಲಸ ಹೋಗಿ ವಿಮೆ ನಿಂತರೆ 60 ದಿನದೊಳಗೆ ಕವರ್ಡ್ ಕ್ಯಾಲಿಫೋರ್ನಿಯಾ ಮೂಲಕ ಬೇರೆ ವಿಮೆ ಕೊಳ್ಳಬಹುದು. ಎಚ್-1ಬಿ, ಎಚ್-4 ವೀಸಾದವರಿಗೂ ಅವಕಾಶವಿದೆ.

ಇಲ್ಲೇ ನೆಲೆಸಿದ ಹಿರಿಯರಿಗೆ

65 ದಾಟಿ ಮೆಡಿಕೇರ್ ಪಡೆದ ಹಿರಿಯರಿಗೆ ಒಳ್ಳೆಯ ಸುದ್ದಿಯಿದೆ. ಸರ್ಕಾರ ಚೌಕಾಸಿ ಮಾಡಿ ಬೆಲೆ ಇಳಿಸಿದ 15 ಔಷಧಗಳ ಎರಡನೇ ಪಟ್ಟಿಯಲ್ಲಿ ಈ ಎರಡೂ ಸೇರಿವೆ. 2027ರ ಜನವರಿ 1ರಿಂದ ಮೆಡಿಕೇರ್‌ಗೆ ಲಿನ್ಜೆಸ್‌ನ 30 ದಿನದ ಬೆಲೆ 136 ಡಾಲರ್. ಝೈಫಾಕ್ಸಾನ್ 2,696ರಿಂದ 1,000 ಡಾಲರ್‌ಗೆ ಇಳಿಯಲಿದೆ. ಈ ವರ್ಷ, 2026ರಲ್ಲಿ, ಮೆಡಿಕೇರ್‌ನ ಔಷಧ ವಿಮೆ ಇರುವವರು ಅದರಡಿ ಬರುವ ಔಷಧಗಳಿಗೆ ಕೈಯಿಂದ ಕೊಡಬೇಕಾದ ಗರಿಷ್ಠ ಮೊತ್ತ 2,100 ಡಾಲರ್. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇದು ಅನ್ವಯಿಸದು. ಪ್ರವಾಸಿ ವಿಮೆಗಳು ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಊರಿನ ವೈದ್ಯರನ್ನು ಕಂಡು ಬನ್ನಿ.

ಅಮ್ಮನ ಕೊರಿಯರ್ ಬರಲಿಲ್ಲ. ಬದಲಿಗೆ ಪ್ರತಿ ಭಾನುವಾರ ಅಡುಗೆಯ ವಿಚಾರಣೆ ಶುರುವಾಯಿತು. ಡಯಟಿಷಿಯನ್ ಹೇಳಿದಂತೆ ಕೆಲವು ವಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಬಿಟ್ಟು, ಆಮೇಲೆ ಒಂದೊಂದಾಗಿ ಸೇರಿಸಿ ನೋಡಿದೆವು. ಬೆಳ್ಳುಳ್ಳಿಯಿಲ್ಲದ ಸಾರು, ಅಕ್ಕಿರೊಟ್ಟಿ ಹೇಗೆ ಎಂದು ಹೇಳಿಕೊಡಲು ಅಮ್ಮನಿಗಿಂತ ಬೇಕೆ? ಇಸಬ್‌ಗೋಲ್ ಇಲ್ಲಿನ ಇಂಡಿಯನ್ ಸ್ಟೋರ್‌ನಲ್ಲೇ ಸಿಗುತ್ತದೆ.

ನಿಮ್ಮ ಮಗ, ಮಗಳು ‘ಪರವಾಗಿಲ್ಲ’ ಎಂದಾಗ ಅಲ್ಲಿಗೇ ಬಿಡಬೇಡಿ. ‘ಡಾಕ್ಟರು ಬರೆದ ಮಾತ್ರೆ ತಗೊಂಡ್ಯಾ? ಎಷ್ಟಾಯ್ತು?’ ಎಂದು ಕೇಳಿ. ನಾವು ಮುಚ್ಚಿಡುತ್ತಿದ್ದದ್ದು ಹೊರಬಂದದ್ದು ಆ ಪ್ರಶ್ನೆಯಿಂದಲೇ.